ಜೈವಿಕ ಇಂಧನದ ಲೆಕ್ಕ: ಲಾಭ ಯಾರಿಗೆ, ಖರ್ಚು ಯಾರ ಮೇಲೆ?

ಜೈವಿಕ ಇಂಧನದ ಅನುಕೂಲ, ಅನಾನುಕೂಲ ಬರೆಯಿರಿ ಅಂದರೆ ನಾವು ಸುಮ್ನೆ ಎರಡು ಪಟ್ಟಿ ಮಾಡಿಬಿಡುತ್ತೇವೆ. ಅಷ್ಟಕ್ಕೇ ನಿಂತರೆ ವಿಷಯ ಕೈಗೆ ಸಿಗುವುದಿಲ್ಲ. ಬೆಳೆಯಿಂದ ತೆಗೆದು ಪೆಟ್ರೋಲ್ ಜೊತೆ ಅಥವಾ ಅದರ ಬದಲು ಉರಿಸುವ ಮದ್ಯಸಾರ, ಅಂದರೆ ಎಥೆನಾಲ್, ಇಂಥ ಒಂದು ಇಂಧನ. ಒಂದೇ ಲೀಟರ್ ಎಥೆನಾಲ್‌ನಿಂದ ಕಾರ್ಖಾನೆಗೆ ಲಾಭ ಆಗಬಹುದು, ಕಾಳು ಕೊಂಡು ಕೋಳಿ ಸಾಕುವವರಿಗೆ ನಷ್ಟ ಆಗಬಹುದು. ಹಾಗಾಗಿ ಈ ಪಾಠ ಓದುವಾಗ ಪ್ರತಿ ಸಾಲಿಗೂ "ಯಾರಿಗೆ?" ಅಂತ ಕೇಳಿಕೊಳ್ಳಿ.

ಒಂದು ಟನ್ ಮೆಕ್ಕೆಜೋಳ ಏನಾಗುತ್ತದೆ?

ಕಾಳನ್ನು ಹಿಟ್ಟು ಮಾಡಿ, ನೀರು ಹಾಕಿ ಬೇಯಿಸಿ, ಕಿಣ್ವ ಸೇರಿಸುತ್ತಾರೆ. ಪಿಷ್ಟ ಸಕ್ಕರೆಯಾಗುತ್ತದೆ. ಯೀಸ್ಟ್ ಆ ಸಕ್ಕರೆಯನ್ನು ಹುದುಗಿಸುತ್ತದೆ. ಬಟ್ಟಿ ಇಳಿಸಿದಾಗ ಸಿಗುವುದು ಸುಮಾರು 400 ಲೀಟರ್ ಎಥೆನಾಲ್. ಜೊತೆಗೆ ಸುಮಾರು 300 ಕಿಲೋ ಒಣ ಪಶು ಆಹಾರ ಉಳಿಯುತ್ತದೆ, ಯಾಕೆಂದರೆ ಖರ್ಚಾಗುವುದು ಪಿಷ್ಟ ಮಾತ್ರ. ಪ್ರೋಟೀನ್, ಕೊಬ್ಬು, ನಾರು ಹಾಗೇ ಇರುತ್ತವೆ. ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಹೊರಹೋಗುತ್ತದೆ. ಕೆಲವು ಕಾರ್ಖಾನೆಗಳು ಅದನ್ನೂ ಹಿಡಿದು ತಂಪು ಪಾನೀಯ ಮಾಡುವವರಿಗೆ ಮಾರುತ್ತವೆ.

ಅಮೆರಿಕದಲ್ಲಿ ಬೆಳೆಯುವ ಮೆಕ್ಕೆಜೋಳದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಎಥೆನಾಲ್‌ಗೆ ಹೋಗುತ್ತದೆ ಅನ್ನುವುದು ನಿಜ. ಆದರೆ ಅದರಲ್ಲಿ ಒಂದಷ್ಟು ಭಾಗ ಮೇವಾಗಿ ವಾಪಸ್ ಬರುತ್ತದೆ. ಉತ್ತರ ಬರೆಯುವಾಗ ಇದನ್ನು ಬಿಡಬೇಡಿ.

ಲೀಟರ್ ಒಂದೇ, ಬೆಲೆ ಎರಡು

ನನಗೆ ಈ ಪಾಠದಲ್ಲಿ ತುಂಬಾ ಹಿಡಿಸಿದ್ದು ಈ ಭಾಗ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದೆ, ಎಥೆನಾಲ್‌ನಲ್ಲಿ ಸುಮಾರು 21. ಪೆಟ್ರೋಲ್ ಬೆಲೆ 100 ಅಂತ ಇಟ್ಟುಕೊಂಡರೆ, ಶಕ್ತಿಯ ಲೆಕ್ಕದಲ್ಲಿ ಎಥೆನಾಲ್‌ಗೆ ಸಿಗಬೇಕಾದ ಬೆಲೆ 66ರ ಹತ್ತಿರ. ಬ್ರೆಜಿಲ್‌ನ ವಾಹನ ಸವಾರರು ಇದನ್ನು ಶೇ. 70ರ ಸೂತ್ರ ಮಾಡಿಕೊಂಡಿದ್ದಾರೆ: ಪೆಟ್ರೋಲ್ ಬೆಲೆಯ ಶೇ. 70ಕ್ಕಿಂತ ಕಡಿಮೆ ಇದ್ದರೆ ಮಾತ್ರ ಎಥೆನಾಲ್ ತುಂಬಿಸುವುದು.

ಆದರೆ ಎಥೆನಾಲ್‌ಗೆ ಇನ್ನೊಂದು ಗುಣ ಇದೆ. ಅದರ ಆಕ್ಟೇನ್, ಅಂದರೆ ಎಂಜಿನ್ ಒಳಗೆ ಹೊತ್ತಿಗೆ ಮೊದಲೇ ಹೊತ್ತಿಕೊಳ್ಳದೆ ತಡೆಯುವ ಶಕ್ತಿ, ಹೆಚ್ಚು. ಪೆಟ್ರೋಲ್‌ಗೆ ಸ್ವಲ್ಪ ಬೆರೆಸಿದರೆ ಎಂಜಿನ್ ಬಡಿದುಕೊಳ್ಳುವುದು ತಪ್ಪುತ್ತದೆ. ಆ ಕೆಲಸಕ್ಕೆ ಬಳಸುವ ಬೇರೆ ರಾಸಾಯನಿಕಗಳು ದುಬಾರಿ. ಅಂದರೆ ಶೇ. 10ರವರೆಗೆ ಬೆರೆಸುವ ಎಥೆನಾಲ್‌ಗೆ ಶಕ್ತಿಯ ಲೆಕ್ಕಕ್ಕಿಂತ ಜಾಸ್ತಿ ಬೆಲೆ ಕೊಟ್ಟರೂ ನಷ್ಟವಿಲ್ಲ. ಅದೇ ಎಥೆನಾಲ್ ಟ್ಯಾಂಕಿನ ಬಹುಪಾಲು ತುಂಬಿದಾಗ ಬರೀ ಇಂಧನ ಅಷ್ಟೇ. ಅಲ್ಲಿ ಮೈಲೇಜ್ ಇಳಿಯುವುದು ಎದ್ದು ಕಾಣುತ್ತದೆ. ಸೀಮಾಂತ ಮೌಲ್ಯ (ಇನ್ನೊಂದು ಲೀಟರ್ ಸೇರಿಸಿದಾಗ ಸಿಗುವ ಹೆಚ್ಚುವರಿ ಪ್ರಯೋಜನ) ಇಳಿಯುತ್ತಾ ಹೋಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಎರಡು ಮಾರುಕಟ್ಟೆಗಳ ನಡುವೆ

ಜೈವಿಕ ಇಂಧನದ ಖರ್ಚಿನಲ್ಲಿ ದೊಡ್ಡ ಪಾಲು ಕಚ್ಚಾ ವಸ್ತುವಿನದು. ಎಣ್ಣೆ, ಕೊಬ್ಬಿನಿಂದ ಮಾಡುವ ಬಯೋಡೀಸೆಲ್‌ನಲ್ಲಿ ಅದು ಸಾಮಾನ್ಯವಾಗಿ ಶೇ. 70ಕ್ಕಿಂತ ಜಾಸ್ತಿ. ಕೊಳ್ಳುವ ಬೆಲೆ ಬೆಳೆಯ ಮಾರುಕಟ್ಟೆಯಲ್ಲಿ ನಿರ್ಧಾರ ಆಗುತ್ತದೆ, ಮಾರುವ ಬೆಲೆ ಕಚ್ಚಾ ತೈಲದ ಮಾರುಕಟ್ಟೆಯಲ್ಲಿ. ಎರಡೂ ಕಾರ್ಖಾನೆಯ ಕೈಯಲ್ಲಿ ಇಲ್ಲ.

ಬ್ರೆಜಿಲ್‌ನ ಕಥೆ ನೋಡಿ. 1973ರಲ್ಲಿ ತೈಲದ ಬೆಲೆ ಜಿಗಿಯಿತು. 1975ರಲ್ಲಿ ಸರ್ಕಾರ ಕಬ್ಬಿನ ಎಥೆನಾಲ್ ಬಳಕೆ ಹೆಚ್ಚಿಸುವ ಪ್ರೋಆಲ್ಕೂಲ್ ಯೋಜನೆ ತಂದಿತು. 1980ರ ದಶಕದ ಮಧ್ಯದಲ್ಲಿ ಅಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ಬಹುಪಾಲು ಬರೀ ಎಥೆನಾಲ್‌ನಿಂದ ಓಡುವಂಥವು. ಆಮೇಲೆ 1986ರಲ್ಲಿ ತೈಲ ಅಗ್ಗವಾಯಿತು. ದಶಕದ ಕೊನೆಗೆ ಸಕ್ಕರೆಗೆ ಒಳ್ಳೆಯ ಬೆಲೆ ಬಂದು, ಕಬ್ಬು ಸಕ್ಕರೆಯ ಕಡೆ ತಿರುಗಿತು. ಬಂಕ್‌ಗಳಲ್ಲಿ ಎಥೆನಾಲ್ ಸಿಗದೆ ಜನ ಪರದಾಡಿದರು. ಬೇರೇನೂ ತುಂಬಿಸುವಂತಿಲ್ಲದ ಕಾರು ಕೊಂಡವರ ಪಾಡು ಯೋಚಿಸಿ. ಎಥೆನಾಲ್ ಮೇಲಿನ ನಂಬಿಕೆ ಮರಳಿದ್ದು 2003ರಲ್ಲಿ, ಪೆಟ್ರೋಲ್, ಎಥೆನಾಲ್ ಎರಡನ್ನೂ ಯಾವ ಪ್ರಮಾಣದಲ್ಲಾದರೂ ಬೆರೆಸಿ ಓಡಿಸಬಹುದಾದ ಫ್ಲೆಕ್ಸ್ ಕಾರು ಬಂದ ಮೇಲೆ. ಪೂರೈಕೆಯ ಅಪಾಯವನ್ನು ಒಬ್ಬ ಗ್ರಾಹಕನ ತಲೆಗೆ ಕಟ್ಟದೆ ಇರುವುದಕ್ಕೂ ಒಂದು ಆರ್ಥಿಕ ಬೆಲೆ ಇದೆ.

ಕಬ್ಬಿಗೆ ಒಂದು ದೊಡ್ಡ ಅನುಕೂಲ ಇದೆ. ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆಯನ್ನೇ ಉರಿಸಿ ಹಬೆ ಮಾಡಿಕೊಳ್ಳಬಹುದು, ವಿದ್ಯುತ್ ಮಿಕ್ಕಿದರೆ ಮಾರಬಹುದು. ಮೆಕ್ಕೆಜೋಳದ ಕಾರ್ಖಾನೆ ಸಾಮಾನ್ಯವಾಗಿ ನೈಸರ್ಗಿಕ ಅನಿಲ ಕೊಳ್ಳಬೇಕು.

ಉಪ ಉತ್ಪನ್ನದ ಆದಾಯವನ್ನೂ ಪೂರ್ತಿ ನಂಬುವಂತಿಲ್ಲ. ಬಯೋಡೀಸೆಲ್ ಮಾಡುವಾಗ ಎಣ್ಣೆಯ ತೂಕದ ಸುಮಾರು ಶೇ. 10ರಷ್ಟು ಗ್ಲಿಸರಿನ್ ಬರುತ್ತದೆ. ಸಾಬೂನು, ಔಷಧಿಗೆ ಬೇಕಾದ ವಸ್ತು. ಆದರೆ ಬಯೋಡೀಸೆಲ್ ಬೆಳೆದಂತೆ ಗ್ಲಿಸರಿನ್ ಮಾರುಕಟ್ಟೆ ತುಂಬಿ ತುಳುಕಿತು, ಬೆಲೆ ಕುಸಿಯಿತು. ಎಲ್ಲರೂ ಒಟ್ಟಿಗೆ ಲೆಕ್ಕಕ್ಕೆ ಹಿಡಿದ ಆದಾಯ ಯಾರಿಗೂ ಪೂರ್ತಿ ಸಿಗಲಿಲ್ಲ.

ಲೆಕ್ಕದ ಪುಸ್ತಕದ ಹೊರಗಿನ ಖರ್ಚು

2007-08ರಲ್ಲಿ ಆಹಾರದ ಬೆಲೆ ಜಗತ್ತಿನಾದ್ಯಂತ ಏರಿತು. ಅದಕ್ಕೆ ಎಥೆನಾಲ್ ಒಂದೇ ಕಾರಣ ಅಂತ ಬರೆದರೆ ತಪ್ಪು. ತೈಲದ ಬೆಲೆ, ಬೆಳೆ ಕೈಕೊಟ್ಟಿದ್ದು, ಕಡಿಮೆ ದಾಸ್ತಾನು, ಕೆಲವು ದೇಶಗಳು ರಫ್ತು ತಡೆದದ್ದು ಎಲ್ಲವೂ ಸೇರಿತ್ತು. ಎಥೆನಾಲ್‌ನ ಪಾಲೂ ಇತ್ತು. ಸಂಬಳದ ಅರ್ಧಕ್ಕಿಂತ ಜಾಸ್ತಿ ಊಟಕ್ಕೇ ಹೋಗುವ ಮನೆಗೆ ಇಂಥ ಏರಿಕೆ ಎಂಥ ಪೆಟ್ಟು ಅನ್ನುವುದು ಸರಾಸರಿ ಅಂಕಿಯಲ್ಲಿ ಕಾಣುವುದಿಲ್ಲ.

ರೈತರಿಗೆ ಒಳ್ಳೆಯ ಬೆಲೆ ಸಿಗುತ್ತದೆ, ನಿಜ. ಆದರೆ ಬೆಳೆಯ ಬೆಲೆ ಏರಿದರೆ ಜಮೀನಿನ ಗೇಣಿಯೂ ಏರುತ್ತದೆ. ಸ್ವಂತ ಭೂಮಿ ಇದ್ದವರಿಗೆ ಲಾಭ ಉಳಿಯುತ್ತದೆ, ಗೇಣಿಗೆ ಮಾಡುವವರಿಂದ ಜಾರಿಹೋಗುತ್ತದೆ.

ಸರ್ಕಾರದ ಬೆಂಬಲದಲ್ಲೂ ಇದೇ ಪ್ರಶ್ನೆ. ಅಮೆರಿಕದಲ್ಲಿ 2011ರ ಕೊನೆಯವರೆಗೆ ಪೆಟ್ರೋಲ್‌ಗೆ ಬೆರೆಸುವ ಪ್ರತಿ ಗ್ಯಾಲನ್ ಎಥೆನಾಲ್‌ಗೆ 45 ಸೆಂಟ್ ತೆರಿಗೆ ವಿನಾಯಿತಿ ಇತ್ತು. ಅದನ್ನು ಹೊತ್ತವರು ತೆರಿಗೆದಾರರು. ಅದು ಮುಗಿದರೂ ಇಷ್ಟು ಬೆರೆಸಲೇಬೇಕು ಅನ್ನುವ ಕಡ್ಡಾಯ ಉಳಿಯಿತು. ಕಡ್ಡಾಯದ ಖರ್ಚು ಬಜೆಟ್‌ನಲ್ಲಿ ಕಾಣುವುದಿಲ್ಲ, ಬಂಕ್‌ನಲ್ಲಿ ಇಂಧನದ ಬೆಲೆಯೊಳಗೆ ಸೇರಿರುತ್ತದೆ.

ಭೂಮಿಯ ಅವಕಾಶ ವೆಚ್ಚ, ಅಂದರೆ ಅದನ್ನು ಒಂದಕ್ಕೆ ಬಳಸಿದಾಗ ಕೈಬಿಟ್ಟುಹೋಗುವ ಇನ್ನೊಂದು ಬಳಕೆಯ ಬೆಲೆ, ಇನ್ನೂ ಗಂಭೀರ. ಇಲ್ಲಿ ಊಟದ ಬೆಳೆ ಬಿಟ್ಟು ಇಂಧನದ ಬೆಳೆ ಹಾಕಿದರೆ, ಆ ಕೊರತೆ ತುಂಬಲು ಇನ್ನೆಲ್ಲೋ ಕಾಡು ಕಡಿಯಬಹುದು. ಆಗ ಹೊರಬೀಳುವ ಇಂಗಾಲವನ್ನು ಕಳೆದರೆ ಪರಿಸರದ ಲಾಭ ಎಷ್ಟೋ ವರ್ಷ ಋಣದಲ್ಲೇ ಇರುತ್ತದೆ.

ಹಾಗಾದರೆ ಒಣ ಹುಲ್ಲು, ದಂಟಿನಿಂದ ಮಾಡಬಹುದಲ್ವಾ? 2007ರ ಅಮೆರಿಕದ ಕಾನೂನು ಇದನ್ನೇ ನಂಬಿ, 2022ಕ್ಕೆ ಇಂಥ ಇಂಧನ 1600 ಕೋಟಿ ಗ್ಯಾಲನ್ ಬರಬೇಕು ಅಂದಿತು. ಅದರ ಹತ್ತಿರಕ್ಕೂ ಹೋಗಲಿಲ್ಲ. ದಂಟು ಅಗ್ಗವೇ, ಆದರೆ ಹಗುರ. ಹೊಲದಿಂದ ಒಟ್ಟು ಮಾಡಿ, ಕಟ್ಟು ಕಟ್ಟಿ, ಲಾರಿಯಲ್ಲಿ ಸಾಗಿಸಿ, ವರ್ಷಪೂರ್ತಿ ನೆನೆಯದಂತೆ ಇಟ್ಟುಕೊಳ್ಳಬೇಕು. ಗಟ್ಟಿ ನಾರನ್ನು ಸಕ್ಕರೆ ಮಾಡುವ ಕಿಣ್ವಕ್ಕೂ ಯಂತ್ರಕ್ಕೂ ದೊಡ್ಡ ಬಂಡವಾಳ ಬೇಕು. ಕಚ್ಚಾ ವಸ್ತುವಿನಲ್ಲಿ ಉಳಿಸಿದ್ದು ಅಲ್ಲೇ ಖರ್ಚಾಗಿ ಹೋಗುತ್ತದೆ.