ಅಂಚಿಗೆ ಅಂಟಿದ ಬಿಳಿ ಗೆರೆ: ಪಾರದರ್ಶಕ ಚಿತ್ರಗಳು ಮತ್ತು ಬ್ರೌಸರ್‌ಗಳು

ಜಾಲಪುಟದಲ್ಲಿ ಕಾಣುವ ಲಾಂಛನವೊಂದರ ಹಿನ್ನೆಲೆ ಪಾರದರ್ಶಕವಾಗಿದೆ ಎಂದರೆ, ಅದರ ಕಡತದಲ್ಲಿ ಚಿತ್ರದ ಪ್ರತಿ ಚುಕ್ಕಿಗೂ, ಅಂದರೆ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿಗಳ ಮೂರು ಅಂಕಿಗಳ ಜೊತೆಗೆ ಆಲ್ಫಾ ಎಂಬ ನಾಲ್ಕನೆಯ ಅಂಕಿಯೂ ಇದೆ ಎಂದರ್ಥ. ಅದು ಸೊನ್ನೆಯಾದರೆ ಪಿಕ್ಸೆಲ್ ಕಾಣುವುದೇ ಇಲ್ಲ, 255 ಆದರೆ ಹಿಂದಿನದನ್ನು ಪೂರ್ತಿ ಮುಚ್ಚುತ್ತದೆ, ನಡುವಿನದಾದರೆ ಎರಡು ಬಣ್ಣಗಳನ್ನೂ ಅದೇ ಪ್ರಮಾಣದಲ್ಲಿ ಬೆರೆಸಬೇಕಾಗುತ್ತದೆ. ಅಕ್ಷರದ ನೆರಳಿಗೆಂದು ಇಟ್ಟ ಒಂದು ಕಪ್ಪು ಪಿಕ್ಸೆಲ್‌ನ ಆಲ್ಫಾ 64 ಎಂದುಕೊಳ್ಳಿ. ಬಿಳಿ ಪುಟದ ಮೇಲೆ ಬಿದ್ದಾಗ ಮೂರೂ ಬಣ್ಣಗಳ ಮೌಲ್ಯ 255ರಿಂದ 191ಕ್ಕೆ ಇಳಿದು ತಿಳಿಬೂದು ಕಾಣುತ್ತದೆ; ಅಪ್ಪಟ ನೀಲಿಯ ಮೇಲೆ ಬಿದ್ದರೆ ನೀಲಿಯೇ 191ಕ್ಕೆ ಇಳಿದು ತುಸು ಗಾಢವಾಗುತ್ತದೆ. ಈ ಲೆಕ್ಕವನ್ನು ಮಾಡುವುದು ಓದುಗರ ಕಂಪ್ಯೂಟರಿನಲ್ಲಿರುವ ಬ್ರೌಸರ್. ವಿನ್ಯಾಸಕರು ಅಂಕಿಯನ್ನು ಬರೆದಿಡಬಹುದು, ಬ್ರೌಸರ್ ಅದನ್ನು ಓದದಿದ್ದರೆ ಅವರು ಮಾಡುವಂಥದ್ದು ಹೆಚ್ಚೇನೂ ಇಲ್ಲ.

1987ರಲ್ಲಿ ಕಂಪ್ಯುಸರ್ವ್ ಸಂಸ್ಥೆ ಹೊರತಂದ ಜಿಫ್ ಎಂಬ ಚಿತ್ರ ಕಡತದ ಮಾದರಿಗೆ 1989ರ ಪರಿಷ್ಕರಣೆಯಲ್ಲಿ ಪಾರದರ್ಶಕತೆ ಸೇರಿತು. ಅದು ಬಹಳ ಒರಟಾದದ್ದು: ಹೆಚ್ಚೆಂದರೆ 256 ಬಣ್ಣಗಳ ಪಟ್ಟಿಯಲ್ಲಿ ಒಂದನ್ನು ಕಾಣಿಸಬೇಡ ಎಂದು ಗುರುತಿಸಬಹುದಿತ್ತು, ಅರೆಬರೆ ಕಾಣುವುದಕ್ಕೆ ಅವಕಾಶವೇ ಇರಲಿಲ್ಲ. ಇದರ ತೊಂದರೆ ದುಂಡಗಿನ ಲಿಪಿಗಳಿಗೆ ಹೆಚ್ಚು ತಟ್ಟಿತು. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ನೀಡುವ ಯೂನಿಕೋಡ್ ಬಳಕೆ ಹರಡುವ ಮುನ್ನ ಜಾಲತಾಣಗಳಲ್ಲಿ ಕನ್ನಡ ಶೀರ್ಷಿಕೆಗಳನ್ನು ಚಿತ್ರಗಳಾಗಿ ಹಾಕುವ ರೂಢಿಯಿತ್ತು. 'ಠ' ಅಕ್ಷರದ ಸುತ್ತು ನುಣುಪಾಗಿ ಕಾಣಬೇಕಾದರೆ ಅದರ ಅಂಚಿನ ಪಿಕ್ಸೆಲ್‌ಗಳು ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ನಡುವೆ ಇರಬೇಕು. ಜಿಫ್‌ನಲ್ಲಿ ಆ ನಡುಬಣ್ಣವನ್ನು ಮೊದಲೇ ಒಂದು ಹಿನ್ನೆಲೆಗೆಂದು ಬೆರೆಸಿಡಬೇಕಿತ್ತು. ಬಿಳಿಗೆಂದು ಬೆರೆಸಿದ ಚಿತ್ರವನ್ನು ಕಡುನೀಲಿ ಪಟ್ಟಿಯ ಮೇಲೆ ಇಟ್ಟರೆ ಅಕ್ಷರದ ಸುತ್ತ ಮಾಸಲು ಬಿಳಿಯ ಗೆರೆಯೊಂದು ಅಂಟಿಕೊಂಡೇ ಬರುತ್ತಿತ್ತು.

ಜಿಫ್ ಬಳಸುವ ಸಂಕೋಚನ ವಿಧಾನದ ಪೇಟೆಂಟ್ ಹೊಂದಿದ್ದ ಯೂನಿಸಿಸ್, ತಂತ್ರಾಂಶ ತಯಾರಕರಿಂದ ಶುಲ್ಕ ಪಡೆಯುವ ವಿಷಯ 1994ರ ಕೊನೆಯಲ್ಲಿ ಪ್ರಕಟವಾಯಿತು. ಅದಕ್ಕೆ ಉತ್ತರವಾಗಿ ರೂಪುಗೊಂಡ ಪಿಎನ್‌ಜಿ ಮಾದರಿಯನ್ನು ವರ್ಲ್ಡ್ ವೈಡ್ ವೆಬ್ ಒಕ್ಕೂಟ 1996ರ ಅಕ್ಟೋಬರಿನಲ್ಲಿ ಅಂಗೀಕರಿಸಿತು. ಪೂರ್ಣ ಆಲ್ಫಾ ಅದರಲ್ಲಿತ್ತು. ಬಿಳಿ ಗೆರೆಯ ಕಾಟ ಅಲ್ಲಿಗೇ ತೀರಬೇಕಿತ್ತು. ತೀರಲಿಲ್ಲ. 2001ರ ಆಗಸ್ಟಿನಲ್ಲಿ ಬಂದು, ವಿಂಡೋಸ್ ಎಕ್ಸ್‌ಪಿಯ ಜೊತೆ ಲೋಕವೆಲ್ಲ ಹರಡಿದ ಮೈಕ್ರೋಸಾಫ್ಟಿನ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಪಿಎನ್‌ಜಿ ಚಿತ್ರವನ್ನು ತೆರೆಯುತ್ತಿತ್ತಾದರೂ ಆಲ್ಫಾವನ್ನು ಗಮನಿಸದೆ, ಪಾರದರ್ಶಕವಾಗಿರಬೇಕಾದ ಜಾಗಕ್ಕೆಲ್ಲ ಬೂದು ಬಣ್ಣ ತುಂಬುತ್ತಿತ್ತು. ಅದೇ ಮೈಕ್ರೋಸಾಫ್ಟ್ 2000ದಲ್ಲಿ ಮ್ಯಾಕಿಂತೋಷ್‌ಗಾಗಿ ಹೊರತಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಆಲ್ಫಾವನ್ನು ಸರಿಯಾಗಿ ತೋರಿಸುತ್ತಿತ್ತು. ಆದ್ದರಿಂದ ಇದು ತಾಂತ್ರಿಕವಾಗಿ ಕೈಗೆಟುಕದ ಕೆಲಸವಾಗಿರಲಿಲ್ಲ. ಸ್ಪರ್ಧೆ ಇಲ್ಲದ ಕಡೆ ಅವಸರವೂ ಇರಲಿಲ್ಲ ಎಂಬುದೇ ನನಗೆ ತೋರುವ ಕಾರಣ.

ವಿನ್ಯಾಸಕರು ಅಡ್ಡದಾರಿ ಹಿಡಿದರು. ಆಲ್ಫಾ ಇಮೇಜ್ ಲೋಡರ್ ಎಂಬ, ಆ ಬ್ರೌಸರಿಗೆ ಮಾತ್ರ ಅರ್ಥವಾಗುವ ಆದೇಶವೊಂದನ್ನು ಪುಟದ ಶೈಲಿಯಲ್ಲಿ ಸೇರಿಸಿದರೆ ಚಿತ್ರ ಸರಿಹೋಗುತ್ತಿತ್ತು, ಆದರೆ ಹಿನ್ನೆಲೆ ಚಿತ್ರವನ್ನು ಸಾಲಾಗಿ ಪುನರಾವರ್ತಿಸಲು ಬರುತ್ತಿರಲಿಲ್ಲ, ಕೆಲವೊಮ್ಮೆ ಅದರ ಮೇಲಿನ ಕೊಂಡಿಗಳು ಕ್ಲಿಕ್ಕಿಗೆ ಸ್ಪಂದಿಸುತ್ತಲೂ ಇರಲಿಲ್ಲ. 2006ರ ಅಕ್ಟೋಬರಿನಲ್ಲಿ ಬಂದ ಏಳನೆಯ ಆವೃತ್ತಿಯಲ್ಲಿ ದೋಷ ಸರಿಯಾಯಿತು. ಹಾಗೆಂದು ಆರನೆಯದು ತಕ್ಷಣ ಮರೆಯಾಗಲಿಲ್ಲ; ಅದನ್ನು ಬಿಡಿಸಲು 2011ರಲ್ಲಿ ಸ್ವತಃ ಮೈಕ್ರೋಸಾಫ್ಟೇ ಪ್ರಚಾರಾಂದೋಲನ ನಡೆಸಬೇಕಾಯಿತು. ಬ್ರೌಸರ್ ಓದುಗರ ಆಯ್ಕೆ ಎನ್ನುವ ಮಾತು ಕಚೇರಿಯ ಕಂಪ್ಯೂಟರಿನಲ್ಲಿ ಹಾಕಿಕೊಟ್ಟಿದ್ದನ್ನೇ ಬಳಸುವವರಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ.

ಇಂದಿನ ಬ್ರೌಸರ್‌ಗಳೆಲ್ಲ ಪಿಎನ್‌ಜಿಯ ಆಲ್ಫಾವನ್ನು ಅರಿತಿವೆ. ಅದಕ್ಕಿಂತ ಹಗುರವಾದ ವೆಬ್‌ಪಿ, ಎವಿಐಎಫ್ ಮಾದರಿಗಳಲ್ಲಿಯೂ ಪಾರದರ್ಶಕತೆ ಇದ್ದು, ಒಂದೇ ಚಿತ್ರದ ಹಲವು ರೂಪಗಳನ್ನು ಪುಟದಲ್ಲಿ ಸೂಚಿಸಿ, ತನಗೆ ತಿಳಿದದ್ದನ್ನು ಬ್ರೌಸರೇ ಆರಿಸಿಕೊಳ್ಳುವಂತೆ ಬಿಡಬಹುದು. ಈಗಿನ ತೊಡಕು ಬೇರೆ ಬಗೆಯದು. ಬಿಳಿ ಪುಟವನ್ನು ನೆನೆದು ಕಪ್ಪಿನಲ್ಲಿ ಬರೆದ ಲಾಂಛನ, ಓದುಗರು ಫೋನಿನಲ್ಲಿ ಡಾರ್ಕ್ ಮೋಡ್ ಒತ್ತಿದೊಡನೆ ಕಪ್ಪಿನೊಳಗೆ ಕಪ್ಪಾಗಿ ಕರಗಿಹೋಗುತ್ತದೆ, ಬ್ರೌಸರ್ ತನ್ನ ಲೆಕ್ಕವನ್ನು ಒಂದಿಷ್ಟೂ ತಪ್ಪದೆ ಮಾಡಿದಾಗಲೂ. ಹಾಗಾಗಿ ಎಚ್ಚರವುಳ್ಳ ವಿನ್ಯಾಸಕರು ಎರಡು ಲಾಂಛನಗಳನ್ನು ಸಿದ್ಧಪಡಿಸಿ, ಓದುಗರ ಆಯ್ಕೆ ಕತ್ತಲೆಯದೋ ಬೆಳಕಿನದೋ ಎಂದು ಬ್ರೌಸರನ್ನು ಕೇಳಿ ತಿಳಿದುಕೊಂಡು ಅದಕ್ಕೆ ಹೊಂದುವುದನ್ನು ತೋರಿಸುತ್ತಾರೆ.