ಹೊಸ ಐಡಿಇಗೆ ಒಂದು ಹಳೇ ಬಗ್ ಕೊಟ್ಟು ನೋಡಿ

ಪ್ರಶ್ನೆ: ನಾಲ್ಕು ವರ್ಷದಿಂದ ಒಂದೇ ಐಡಿಇಯಲ್ಲಿ (ಕೋಡ್ ಬರೆಯಲು, ಓಡಿಸಲು, ತಪ್ಪು ಹುಡುಕಲು ಬಳಸುವ ಸಾಫ್ಟ್‌ವೇರ್) ಕೆಲಸ ಮಾಡುತ್ತಿದ್ದೇನೆ. ಟೀಮ್‌ನಲ್ಲಿ ಅರ್ಧ ಜನ ಬೇರೊಂದಕ್ಕೆ ಹೋಗಿದ್ದಾರೆ, ನನ್ನನ್ನೂ ಕರೆಯುತ್ತಿದ್ದಾರೆ. ಎರಡು ಸಲ ಇನ್‌ಸ್ಟಾಲ್ ಮಾಡಿ, ಒಂದೊಂದು ಗಂಟೆ ನೋಡಿ, ತೆಗೆದುಹಾಕಿದೆ. ಒಂದು ಐಡಿಇ ನನ್ನ ಕೆಲಸಕ್ಕೆ ಒಗ್ಗುತ್ತದೆಯೋ ಇಲ್ಲವೋ ಎಂದು ತೂಗಿ ನೋಡುವುದು ಹೇಗೆ?

ಉತ್ತರ: ಒಂದು ಗಂಟೆಗೇ ಬೇಜಾರಾಗಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆ ಗಂಟೆಯಲ್ಲಿ ನೀವು ನೋಡಿದ್ದು ಐಡಿಇಯನ್ನಲ್ಲ, ನಿಮ್ಮ ಬೆರಳುಗಳ ಪರದಾಟವನ್ನು. ನಾಲ್ಕು ವರ್ಷ ಒಂದೇ ಶಾರ್ಟ್‌ಕಟ್ ಒತ್ತಿದ ಕೈಗೆ ಹೊಸದೆಲ್ಲ ತಪ್ಪಾಗಿಯೇ ಕಾಣುತ್ತದೆ. ಹಾಗಾಗಿ ಮೊದಲು ಹಳೇ ಕೀಮ್ಯಾಪನ್ನೇ, ಅಂದರೆ ಶಾರ್ಟ್‌ಕಟ್‌ಗಳ ಜೋಡಣೆಯನ್ನೇ, ಹೊಸದರಲ್ಲಿ ಹಾಕಿಕೊಳ್ಳಿ. ಇಂಟೆಲಿಜೆ ಐಡಿಯಾದಲ್ಲಿ ಎಕ್ಲಿಪ್ಸ್, ವಿಷುಯಲ್ ಸ್ಟುಡಿಯೋ ಕೀಮ್ಯಾಪ್‌ಗಳು ಸಿಗುತ್ತವೆ. ವಿಎಸ್ ಕೋಡ್‌ಗೆ ಇಂಟೆಲಿಜೆ, ಸಬ್ಲೈಮ್, ವಿಮ್ ಕೀಮ್ಯಾಪ್‌ಗಳ ಎಕ್ಸ್‌ಟೆನ್ಷನ್‌ಗಳಿವೆ. ಹೊಸ ಶಾರ್ಟ್‌ಕಟ್ ಕಲಿಯುವುದೆಲ್ಲ ಇದನ್ನೇ ಇಟ್ಟುಕೊಳ್ಳೋಣ ಎಂದು ತೀರ್ಮಾನವಾದ ಮೇಲೆ. ಥೀಮ್, ಫಾಂಟ್, ಐಕಾನ್ ಬದಲಿಸುತ್ತಾ ಕೂರಬೇಡಿ. ಅದೊಂದು ಚಟ. ನನಗೂ ಇತ್ತು.

ಇನ್ನೊಂದು ಮಾತು, ಹೋಲಿಕೆ ಪಟ್ಟಿಗಳನ್ನು ನಂಬಿಕೊಂಡು ಕೂರಬೇಡಿ. ಎಡಗಡೆ ಸೌಲಭ್ಯಗಳ ಹೆಸರು, ಬಲಗಡೆ ಸಾಲಾಗಿ ಟಿಕ್ ಗುರುತು. ತಪ್ಪು ಹುಡುಕುವ ಡಿಬಗರ್ ಇದೆ, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಇದೆ, ಕೆಲಸ ಕೆಡದಂತೆ ಕೋಡ್ ರಚನೆ ಬದಲಿಸುವ ರಿಫ್ಯಾಕ್ಟರಿಂಗ್ ಇದೆ. ಇವತ್ತಿನ ಯಾವ ಐಡಿಇಯಲ್ಲಿ ಇವು ಇಲ್ಲ ಹೇಳಿ? ನಿಮ್ಮ ಎಂಟು ವರ್ಷ ಹಳೆಯ, ಮೂರು ಜನ ಮೂರು ಶೈಲಿಯಲ್ಲಿ ಬರೆದ ಕೋಡ್ ಮೇಲೆ ಅವು ಹೇಗೆ ನಡೆಯುತ್ತವೆ ಅನ್ನುವುದು ಆ ಟಿಕ್ ಗುರುತಿನಲ್ಲಿ ಗೊತ್ತಾಗುವುದಿಲ್ಲ. ಹತ್ತು ಸಾಲಿನ ಮಾದರಿ ಪ್ರಾಜೆಕ್ಟ್‌ನಲ್ಲಿ ಎಲ್ಲ ಐಡಿಇಗಳೂ ಜಾಣರೇ.

ನಾನು ಮಾಡುವ ಪರೀಕ್ಷೆ ಬೇರೆ. ಗಿಟ್ ಲಾಗ್‌ನಲ್ಲಿ ಹಿಂದೆ ಹೋಗಿ, ನಿಮ್ಮನ್ನು ಒಂದಿಡೀ ದಿನ ಸತಾಯಿಸಿದ ಒಂದು ಬಗ್ ಹುಡುಕಿ. ಅದನ್ನು ಸರಿಪಡಿಸಿದ ಕಮಿಟ್‌ಗಿಂತ (ಗಿಟ್‌ನಲ್ಲಿ ದಾಖಲಾದ ಬದಲಾವಣೆ) ಒಂದು ಹಿಂದಿನದನ್ನು ಚೆಕ್‌ಔಟ್ ಮಾಡಿ, ಅಂದರೆ ಕೋಡನ್ನು ಆ ಸ್ಥಿತಿಗೆ ತನ್ನಿ. ಈಗ ಹೊಸ ಐಡಿಇಯಲ್ಲಿ ಕೂತು ಅದೇ ಬಗ್ಗನ್ನು ಮತ್ತೆ ಹಿಡಿಯಿರಿ. ಉತ್ತರ ಮೊದಲೇ ಗೊತ್ತಿದೆಯಲ್ಲ, ಇದೆಂಥ ಪರೀಕ್ಷೆ ಅನ್ನಿಸಬಹುದು. ಗೊತ್ತಿರುವುದೇ ಅನುಕೂಲ. ತಲೆ ಬಗ್ ಕಡೆ ಓಡದೆ ಟೂಲ್ ಕಡೆ ಇರುತ್ತದೆ. ತಪ್ಪು ಇಲ್ಲಿದೆ ಎಂದು ನಿಮಗೆ ಗೊತ್ತು. ಈ ಐಡಿಇ ನಿಮ್ಮನ್ನು ಅಲ್ಲಿಗೆ ಎಷ್ಟು ಬೇಗ ಕರೆದುಕೊಂಡು ಹೋಗುತ್ತದೆ, ದಾರಿಯಲ್ಲಿ ಎಲ್ಲೆಲ್ಲಿ ಕೈಬಿಡುತ್ತದೆ, ಅದನ್ನಷ್ಟೇ ನೋಡಿ.

ಈ ಪರೀಕ್ಷೆಗೆ ಒಂದು ಕಾರಣವಿದೆ. ಐಡಿಇ ಅನ್ನುವುದು ಹುಟ್ಟಿದ್ದೇ ತಪ್ಪು ಮಾಡುವುದಕ್ಕೂ ಅದು ಗೊತ್ತಾಗುವುದಕ್ಕೂ ನಡುವಿನ ಸಮಯ ಕಡಿಮೆ ಮಾಡಲು. 1983ರಲ್ಲಿ ಬೋರ್ಲ್ಯಾಂಡ್ ಕಂಪನಿಯ ಟರ್ಬೋ ಪ್ಯಾಸ್ಕಲ್ ಬಂದಾಗ ಜನ ಬೆರಗಾಗಿದ್ದು ಇದಕ್ಕೇ. ಅದಕ್ಕೂ ಮುಂಚೆ ಎಡಿಟರ್‌ನಲ್ಲಿ ಬರೆದು, ಹೊರಗೆ ಬಂದು, ಕಂಪೈಲರ್ ಓಡಿಸಿ, ತಪ್ಪಿನ ಸಾಲಿನ ನಂಬರ್ ಬರೆದುಕೊಂಡು, ಮತ್ತೆ ಎಡಿಟರ್ ತೆಗೆಯಬೇಕಿತ್ತು. ಟರ್ಬೋ ಪ್ಯಾಸ್ಕಲ್‌ನಲ್ಲಿ ಎಡಿಟರ್, ಕಂಪೈಲರ್ ಎರಡೂ ಒಂದೇ ಪ್ರೋಗ್ರಾಂ. ತಪ್ಪು ಸಿಕ್ಕ ಕೂಡಲೇ ಕರ್ಸರ್ ಆ ಜಾಗದಲ್ಲೇ ಹೋಗಿ ನಿಲ್ಲುತ್ತಿತ್ತು. ಆಮೇಲೆ ಬಂದ ಗುಂಡಿ, ಕಿಟಕಿಗಳನ್ನೆಲ್ಲ ಈ ಒಂದು ಅಳತೆಯಿಂದಲೇ ಅಳೆಯಬಹುದು ಅನ್ನುವುದು ನನ್ನ ಲೆಕ್ಕ.

ಬಗ್ ಹಿಡಿಯಲು ಹೊರಟರೆ ಮೊದಲು ಸಿಗುವುದು ಪ್ರಾಜೆಕ್ಟ್ ತೆರೆಯುವ ಹಂತ. ಕಿಟಕಿ ತೆರೆದ ತಕ್ಷಣ ಗಡಿಯಾರ ನಿಲ್ಲಿಸಬೇಡಿ. ಒಂದು ಫಂಕ್ಷನ್ ಮೇಲೆ ಕ್ಲಿಕ್ ಮಾಡಿ, ಅದರ ಮೂಲ ಫೈಲ್‌ಗೆ ಹೋಗಲು ಸಾಧ್ಯವಾದಾಗ ನಿಲ್ಲಿಸಿ. ಕೆಲವು ಐಡಿಇಗಳು ಎರಡು ಸೆಕೆಂಡಿನಲ್ಲಿ ಮುಖ ತೋರಿಸಿ, ಆಮೇಲೆ ಐದು ನಿಮಿಷ ಕೆಳಗಿನ ಪಟ್ಟಿಯಲ್ಲಿ ಇಂಡೆಕ್ಸಿಂಗ್ ಎಂದು ತೋರಿಸುತ್ತಾ ಕೂರುತ್ತವೆ. ಮೊದಲ ಸಲ ಹಾಗಾದರೆ ತಪ್ಪಿಲ್ಲ, ಇಡೀ ಕೋಡ್ ಓದಿ ಗುರುತು ಹಾಕಿಕೊಳ್ಳಬೇಕಲ್ಲ. ಎರಡನೇ ಸಲ, ಬ್ರಾಂಚ್ (ಕೋಡ್‌ನ ಬೇರೊಂದು ಕವಲು) ಬದಲಿಸಿದ ಮೇಲೆ ಎಷ್ಟು ಹೊತ್ತಾಗುತ್ತದೆ ನೋಡಿ. ದಿನಕ್ಕೆ ನಾಲ್ಕು ಸಲ ಬ್ರಾಂಚ್ ಬದಲಿಸುವವರಿಗೆ ನಿಜವಾದ ವೇಗ ಅದು. ಮತ್ತೆ ಈ ಪರೀಕ್ಷೆಯನ್ನು ಖಾಲಿ ಲ್ಯಾಪ್‌ಟಾಪ್‌ನಲ್ಲಿ ಮಾಡಬೇಡಿ. ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್, ಡಾಕರ್, ವಿಡಿಯೋ ಕಾಲ್, ಎಲ್ಲ ನಡೆಯುತ್ತಿರಲಿ. ನಿಮ್ಮ ಕೆಲಸದ ದಿನ ಇರುವುದೇ ಹಾಗೆ, ಅಲ್ವಾ?

ಮುಂದಿನದು ಹುಡುಕಾಟ. ನಾವು ಕೋಡ್ ಬರೆಯುವುದಕ್ಕಿಂತ ಓದುವುದೇ ಜಾಸ್ತಿ. ಆದರೆ ಐಡಿಇ ಕೊಳ್ಳುವಾಗ ಎಲ್ಲರೂ ನೋಡುವುದು ಬರೆಯುವಾಗ ಅದು ಏನೇನು ತುಂಬಿಕೊಡುತ್ತದೆ ಎಂದು. ನಿಮ್ಮ ಪ್ರಾಜೆಕ್ಟ್‌ನಲ್ಲಿ ಹತ್ತಾರು ಕ್ಲಾಸ್‌ಗಳಲ್ಲಿ ಇರುವ ಒಂದು ಹೆಸರನ್ನು ಆರಿಸಿಕೊಳ್ಳಿ. ‘ಸೇವ್’ ಅಥವಾ ‘ಅಪ್‌ಡೇಟ್’ ಅಂಥದ್ದು. ಒಂದು ಕ್ಲಾಸಿನ ಸೇವ್ ಮೆಥಡ್ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಕೇಳಿ. ಬರೀ ಅಕ್ಷರ ಹೋಲಿಸುವ ಹುಡುಕಾಟ ನೂರಾರು ಸಾಲು ತಂದು ಸುರಿಯುತ್ತದೆ. ಕೋಡ್ ಅರ್ಥ ಮಾಡಿಕೊಂಡ ಐಡಿಇ ಆ ಕ್ಲಾಸಿನದ್ದನ್ನು ಮಾತ್ರ ಕೊಡುತ್ತದೆ. ಪೈಥಾನ್, ಜಾವಾಸ್ಕ್ರಿಪ್ಟ್‌ನಂಥ ಭಾಷೆಗಳಲ್ಲಿ ಟೈಪ್ ಬರೆದಿರದ ಕಡೆ ಐಡಿಇ ಊಹಿಸಬೇಕಾಗುತ್ತದೆ. ಅಲ್ಲಿ ಪೂರ್ತಿ ನಿಖರತೆ ಯಾರಿಂದಲೂ ಬರುವುದಿಲ್ಲ. ಖಚಿತ ಯಾವುದು, ಊಹೆ ಯಾವುದು ಎಂದು ಬೇರೆ ಮಾಡಿ ತೋರಿಸಿದರೆ ಆ ಐಡಿಇಗೆ ನಾನು ಒಂದು ಅಂಕ ಜಾಸ್ತಿ ಕೊಡುತ್ತೇನೆ.

ಹೆಸರು ಬದಲಿಸುವ ಪರೀಕ್ಷೆಯನ್ನು ಮಾತ್ರ ಬಿಡಲೇಬೇಡಿ. ಇದರಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ಹೊಸದಾಗಿ ಹಾಕಿಕೊಂಡ ಐಡಿಇ ಒಂದರಲ್ಲಿ ಒಂದು ಫೀಲ್ಡಿನ ಹೆಸರು ಬದಲಿಸಿದೆ. ಕಾಮೆಂಟ್ ಮತ್ತು ಸ್ಟ್ರಿಂಗ್‌ಗಳಲ್ಲೂ ಬದಲಿಸು ಎಂಬ ಆಯ್ಕೆಗೆ ಮೊದಲೇ ಟಿಕ್ ಬಿದ್ದಿತ್ತು, ನಾನು ಗಮನಿಸಲಿಲ್ಲ. ಎಸ್‌ಕ್ಯೂಎಲ್ ಕ್ವೆರಿ ಒಂದರೊಳಗಿದ್ದ ಕಾಲಂ ಹೆಸರೂ ಬದಲಾಯಿತು. ಕಂಪೈಲ್ ಆಯಿತು, ಟೆಸ್ಟ್‌ಗಳೂ ಪಾಸಾದವು, ಆ ಕ್ವೆರಿಗೆ ಟೆಸ್ಟ್ ಇದ್ದರೆ ತಾನೆ! ಮೂರು ದಿನ ಬಿಟ್ಟು ಒಂದು ರಿಪೋರ್ಟ್ ಖಾಲಿ ಬಂತು. ಅಂದಿನಿಂದ ನಾನು ಇಷ್ಟು ಮಾಡುತ್ತೇನೆ: ಬೇಕೆಂದೇ ಕ್ಲಾಸ್, ಕಾನ್ಫಿಗ್ ಫೈಲ್, ಎಚ್‌ಟಿಎಂಎಲ್ ಟೆಂಪ್ಲೇಟ್, ಸ್ಟ್ರಿಂಗ್ ಎಲ್ಲ ಕಡೆ ಇರುವ ಒಂದು ಹೆಸರು ಆರಿಸಿ ಬದಲಿಸುತ್ತೇನೆ. ಆಮೇಲೆ ಗಿಟ್ ಡಿಫ್ (ಬದಲಾದ ಸಾಲುಗಳ ಪಟ್ಟಿ) ತೆಗೆದು ಒಂದೊಂದೇ ಸಾಲು ಓದುತ್ತೇನೆ. ಬದಲಾಗಬೇಕಾದದ್ದು ಉಳಿದಿದೆಯಾ? ಬದಲಾಗಬಾರದ್ದು ಬದಲಾಗಿದೆಯಾ? ಮೊದಲೇ ಪಟ್ಟಿ ತೋರಿಸಿ ಕೇಳಿತಾ, ಇಲ್ಲ ತಾನೇ ಮಾಡಿ ಮುಗಿಸಿತಾ? ಹತ್ತು ನಿಮಿಷದ ಕೆಲಸ.

ಒಂದು ಬ್ರೇಸ್ ಅಳಿಸಿ ನೋಡುವುದೂ ಒಳ್ಳೆಯ ಆಟ. ನಾವು ಟೈಪ್ ಮಾಡುವಾಗ ಕೋಡ್ ಹೆಚ್ಚು ಹೊತ್ತು ಅರೆಬರೆಯಾಗಿಯೇ ಇರುತ್ತದೆ. ಆವರಣ ಮುಚ್ಚಿರುವುದಿಲ್ಲ, ಸಾಲು ಮುಗಿದಿರುವುದಿಲ್ಲ. ಆಗಲೂ ಉಳಿದ ಫೈಲ್‌ನಲ್ಲಿ ಸಲಹೆಗಳು ಸರಿಯಾಗಿ ಬರಬೇಕು. ಒಂದು ಬ್ರೇಸ್ ಹೋದ ಕೂಡಲೇ ಫೈಲ್ ಪೂರ್ತಿ ಕೆಂಪು ಗೆರೆ ಎಳೆದರೆ, ಸಂಜೆ ಹೊತ್ತಿಗೆ ನಿಮಗೆ ತಲೆನೋವು ಗ್ಯಾರಂಟಿ.

ಈಗ ಡಿಬಗರ್. ಎಲ್ಲರೂ ಪ್ರೋಗ್ರಾಂ ನಿಲ್ಲಬೇಕಾದ ಸಾಲಿಗೆ ಗುರುತು, ಅಂದರೆ ಬ್ರೇಕ್‌ಪಾಯಿಂಟ್ ಹಾಕಿ, ನಿಂತಿತು ಎಂದು ನೋಡಿ ಖುಷಿಪಡುತ್ತಾರೆ. ಅಷ್ಟಕ್ಕೇ ಬಿಡಬೇಡಿ. ಸಾವಿರ ಸಲ ಸುತ್ತುವ ಲೂಪ್‌ನಲ್ಲಿ ಒಂದು ನಿರ್ದಿಷ್ಟ ಬೆಲೆ ಬಂದಾಗ ಮಾತ್ರ ನಿಲ್ಲುವಂತೆ ಷರತ್ತು ಹಾಕಿ. ನಿಂತಾಗ ಒಂದು ವೇರಿಯಬಲ್‌ನ ಬೆಲೆ ಬದಲಿಸಿ ಮುಂದೆ ಓಡಿಸಿ. ಕಂಟೇನರ್ (ಪ್ರೋಗ್ರಾಂ ಓಡಿಸುವ ಪ್ರತ್ಯೇಕ ಆವರಣ) ಒಳಗೆ ಅಥವಾ ಬೇರೆ ಮೆಷಿನ್‌ನಲ್ಲಿ ನಡೆಯುವ ಪ್ರೋಗ್ರಾಂಗೆ ಅಂಟಿಸಿ ನೋಡಿ. ನಿಮ್ಮ ಕೆಲಸ ಅಲ್ಲೇ ನಡೆಯುವುದಾದರೆ ಈ ಕೊನೆಯದಕ್ಕೆ ಅರ್ಧ ದಿನ ಕೊಟ್ಟರೂ ನಷ್ಟವಿಲ್ಲ. ಡಿಬಗರ್ ಅಂಟಿಸಲು ಇಪ್ಪತ್ತು ನಿಮಿಷ ಒದ್ದಾಡಬೇಕಾದರೆ ನೀವು ಎರಡನೇ ದಿನವೇ ಪ್ರಿಂಟ್ ಸ್ಟೇಟ್‌ಮೆಂಟ್‌ಗೆ ವಾಪಸ್ ಹೋಗಿರುತ್ತೀರಿ.

ಬಿಲ್ಡ್ (ಕೋಡನ್ನು ಓಡಬಲ್ಲ ಪ್ರೋಗ್ರಾಂ ಮಾಡುವುದು) ವಿಷಯದಲ್ಲಿ ಒಂದು ಎಚ್ಚರಿಕೆ. ಐಡಿಇಯ ಬಿಲ್ಡ್ ಮತ್ತು ಕಮಾಂಡ್ ಲೈನ್ ಬಿಲ್ಡ್ ಒಂದೇ ಆಗಿರಬೇಕೆಂದಿಲ್ಲ. ಎಕ್ಲಿಪ್ಸ್‌ಗೆ ತನ್ನದೇ ಜಾವಾ ಕಂಪೈಲರ್ ಇದೆ. ಕೋಡ್‌ನಲ್ಲಿ ತಪ್ಪಿದ್ದರೂ ಅದು ಕ್ಲಾಸ್ ಫೈಲ್ ತಯಾರಿಸಬಲ್ಲದು, ತಪ್ಪಿರುವ ಮೆಥಡ್ ತಲುಪಿದಾಗಷ್ಟೇ ಪ್ರೋಗ್ರಾಂ ಬೀಳುತ್ತದೆ. ಗ್ರೇಡಲ್, ಮೇವನ್ ಎಂಬವು ಬಿಲ್ಡ್ ಮಾಡುವ ಟೂಲ್‌ಗಳು. ಇಂಟೆಲಿಜೆ ಐಡಿಯಾ ಗ್ರೇಡಲ್ ಪ್ರಾಜೆಕ್ಟ್‌ಗಳನ್ನು ಸಾಮಾನ್ಯವಾಗಿ ಗ್ರೇಡಲ್‌ಗೇ ಒಪ್ಪಿಸುತ್ತದೆ, ಮೇವನ್ ಆದರೆ ತನ್ನ ಬಿಲ್ಡರ್ ಬಳಸುತ್ತದೆ. ಇವು ದೋಷಗಳಲ್ಲ, ವೇಗಕ್ಕಾಗಿ ಮಾಡಿಕೊಂಡ ಏರ್ಪಾಡು. ಆದರೂ ಒಂದು ಸಲ ಎರಡು ಕಡೆಯೂ ಬಿಲ್ಡ್ ಮಾಡಿ ಹೋಲಿಸಿ. ನನ್ನ ಮೆಷಿನ್‌ನಲ್ಲಿ ನಡೆಯುತ್ತಿತ್ತಲ್ಲ ಎನ್ನುವ ಜಗಳ ಹುಟ್ಟುವ ಜಾಗಗಳಲ್ಲಿ ಇದೂ ಒಂದು.

ಇಷ್ಟೆಲ್ಲ ಮಾಡುವ ಮೊದಲು, ನೀವು ಬದಲಿಸುತ್ತಿರುವುದು ನಿಜವಾಗಿ ಏನನ್ನು ಎಂದು ಕೇಳಿಕೊಂಡರೆ ಸ್ವಲ್ಪ ಶ್ರಮ ಉಳಿಯಬಹುದು. 2016ರಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕೋಡೆನ್ವಿ ಸೇರಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಪ್ರಕಟಿಸಿದವು. ಅಲ್ಲಿಯವರೆಗೆ ಪ್ರತಿ ಎಡಿಟರ್‌ಗೂ ಪ್ರತಿ ಭಾಷೆಯನ್ನೂ ಬೇರೆ ಬೇರೆಯಾಗಿ ಕಲಿಸಬೇಕಿತ್ತು. ಈ ಪ್ರೋಟೋಕಾಲ್ ಬಂದ ಮೇಲೆ ಒಂದು ಭಾಷೆಗೆ ಒಂದು ಸರ್ವರ್ ಬರೆದರೆ, ಅದನ್ನು ಒಪ್ಪುವ ಎಲ್ಲ ಎಡಿಟರ್‌ಗಳಿಗೂ ಅದೇ ಸಾಕು. ಗೋ ಭಾಷೆಯಲ್ಲಿ ಬರೆಯುವವರು ವಿಎಸ್ ಕೋಡ್ ಬಿಟ್ಟು ನಿಯೋವಿಮ್‌ಗೆ ಹೋದರೂ ಹಿಂದೆ ಉತ್ತರ ಕೊಡುವುದು ಸಾಮಾನ್ಯವಾಗಿ ಅದೇ ಗೋಪ್ಲ್ಸ್ ಸರ್ವರ್. ರಸ್ಟ್‌ಗೆ ರಸ್ಟ್ ಅನಲೈಸರ್ ಕೂಡ ಹಾಗೆಯೇ. ಇನ್ನೂ ತಮಾಷೆ ಎಂದರೆ ಎಕ್ಲಿಪ್ಸ್ ಹಳೇದಾಯಿತು ಎಂದು ವಿಎಸ್ ಕೋಡ್‌ಗೆ ಹೋದ ಜಾವಾ ಪ್ರೋಗ್ರಾಮರ್‌ಗಳ ಕಥೆ. ರೆಡ್ ಹ್ಯಾಟ್‌ನ ಜಾವಾ ಎಕ್ಸ್‌ಟೆನ್ಷನ್ ಒಳಗೆ ಕೂತಿರುವುದು ಎಕ್ಲಿಪ್ಸ್‌ನ ಜಾವಾ ಇಂಜಿನ್ನೇ! ಅಂಗಿ ಬದಲಾಯಿತು, ಆಳು ಅವನೇ. ಇಂಟೆಲಿಜೆ ಐಡಿಯಾ ತಯಾರಿಸುವ ಜೆಟ್‌ಬ್ರೇನ್ಸ್‌ನ ಐಡಿಇಗಳು ಮಾತ್ರ ಮುಖ್ಯವಾಗಿ ತಮ್ಮದೇ ಇಂಜಿನ್ ನಂಬಿಕೊಂಡಿವೆ. ಹಾಗಾಗಿ ಹಳೆಯದರಲ್ಲಿ ಸಲಹೆಗಳು ತಪ್ಪಾಗಿ ಬರುತ್ತವೆ ಅನ್ನುವುದೇ ನಿಮ್ಮ ದೂರಾಗಿದ್ದರೆ, ಹೊಸದರ ಹಿಂದೆಯೂ ಅದೇ ಸರ್ವರ್ ಇದೆಯಾ ಎಂದು ಮೊದಲು ನೋಡಿ.

ಪ್ಲಗಿನ್‌ಗಳ ಸಂಖ್ಯೆ ನೋಡಿ ಮರುಳಾಗಬೇಡಿ. ನಿಮಗೆ ಬೇಕಾದ ಐದನ್ನು ಪಟ್ಟಿ ಮಾಡಿ, ಅವು ಕೊನೆಯ ಸಲ ಅಪ್‌ಡೇಟ್ ಆದದ್ದು ಯಾವಾಗ, ಬರೆದವರು ಯಾರು ನೋಡಿ. ವಿಎಸ್ ಕೋಡ್‌ನ ಎಕ್ಸ್‌ಟೆನ್ಷನ್‌ಗಳಿಗೆ ಬೇಲಿ ಇಲ್ಲ. ನಿಮ್ಮ ಫೈಲ್‌ಗಳನ್ನು ನೀವು ಏನೇನು ಮಾಡಬಹುದೋ ಅದನ್ನೆಲ್ಲ ಅವೂ ಮಾಡಬಹುದು. ವಿಎಸ್ ಕೋಡ್‌ನಿಂದಲೇ ಕವಲೊಡೆದ ಬೇರೆ ಎಡಿಟರ್‌ಗೆ ಹೋಗುವವರು ಇನ್ನೊಂದು ವಿಷಯ ನೋಡಬೇಕು. ಪೈಥಾನ್‌ಗೆ ಸಲಹೆ ಕೊಡುವ ಪೈಲ್ಯಾನ್ಸ್‌ನಂಥ ಮೈಕ್ರೋಸಾಫ್ಟ್‌ನ ಕೆಲವು ಎಕ್ಸ್‌ಟೆನ್ಷನ್‌ಗಳ ಲೈಸೆನ್ಸ್ ಅದರದೇ ಉತ್ಪನ್ನಗಳಿಗೆ ಮಾತ್ರ ಸೀಮಿತ. ನೋಡಲು ಒಂದೇ ಥರ ಇದ್ದರೂ ಒಳಗೆ ಬೇಕಾದ್ದು ಸಿಗದೆ ಹೋಗಬಹುದು. ಕಂಪನಿ ಕೆಲಸಕ್ಕಾದರೆ ಉಚಿತ ಎನ್ನುವ ಪದವನ್ನೂ ಎರಡು ಸಲ ಓದಿ. ವಿಷುಯಲ್ ಸ್ಟುಡಿಯೋದ ಕಮ್ಯುನಿಟಿ ಆವೃತ್ತಿ ಕಲಿಯುವವರಿಗೂ ಒಬ್ಬಂಟಿಯಾಗಿ ಕೆಲಸ ಮಾಡುವವರಿಗೂ ಉಚಿತ, ದೊಡ್ಡ ಕಂಪನಿಗಳ ಮಾಮೂಲಿ ಕೆಲಸಕ್ಕೆ ಅಲ್ಲ.

ಎಐ ಸಲಹೆಗಳನ್ನು ಮೊದಲ ವಾರ ಆಫ್ ಮಾಡಿಡಿ ಎಂದರೆ ಕೆಲವರು ನನ್ನ ಮೇಲೆ ರೇಗುತ್ತಾರೆ. ಅದರ ಮೇಲೆ ಸಿಟ್ಟಿಲ್ಲ. ಅದು ಆನ್ ಇದ್ದರೆ ಐಡಿಇಯ ಸ್ವಂತ ಜ್ಞಾನ ಎಷ್ಟು, ಮಾಡೆಲ್‌ನ ಊಹೆ ಎಷ್ಟು ಎಂದು ಬಿಡಿಸಿ ನೋಡಲಾಗುವುದಿಲ್ಲ. ಎರಡನೇ ವಾರ ಆನ್ ಮಾಡಿ. ಮಾಡುವ ಮೊದಲು ನಿಮ್ಮ ಕೋಡ್ ಯಾರ ಸರ್ವರ್‌ಗೆ ಹೋಗುತ್ತದೆ, ಕಂಪನಿಯ ಒಪ್ಪಿಗೆ ಇದೆಯಾ ಎಂದು ಕೇಳಿಕೊಳ್ಳಿ.

ಕನ್ನಡ ಪಠ್ಯ ಇರುವ ಆ್ಯಪ್ ಮಾಡುತ್ತಿದ್ದರೆ ಒಂದು ಚಿಕ್ಕ ಪರೀಕ್ಷೆ ಸೇರಿಸಿ. ‘ರಾಷ್ಟ್ರೀಯ’ ಅಂತ ಒಂದು ಸ್ಟ್ರಿಂಗ್ ಬರೆದು ಕರ್ಸರನ್ನು ಬಾಣದ ಕೀಲಿಯಿಂದ ನಡೆಸಿ, ಬ್ಯಾಕ್‌ಸ್ಪೇಸ್ ಒತ್ತಿ. ಎಡಿಟರ್‌ನಲ್ಲಿ ಒತ್ತಕ್ಷರ ಸರಿಯಾಗಿ ಕೂತರೂ ಅದರೊಳಗಿನ ಟರ್ಮಿನಲ್‌ನಲ್ಲಿ ಒಡೆದು ಹೋಗುವುದುಂಟು. ಟರ್ಮಿನಲ್ ಒಂದೊಂದು ಅಕ್ಷರಕ್ಕೂ ಸಮ ಅಳತೆಯ ಚೌಕ ಕೊಡಲು ಹೋಗುತ್ತದೆ, ನಮ್ಮ ಲಿಪಿ ಚೌಕದೊಳಗೆ ಕೂರುವುದಿಲ್ಲ.

ಇನ್ನು ಟೀಮ್ ವಿಷಯ. ಎಲ್ಲರೂ ಒಂದೇ ಐಡಿಇ ಬಳಸಬೇಕು ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಫಾರ್ಮ್ಯಾಟಿಂಗ್ ನಿಯಮ ಪ್ರಾಜೆಕ್ಟ್ ಒಳಗೇ ಇರಲಿ, ಬಿಲ್ಡ್ ಕಮಾಂಡ್ ಲೈನ್‌ನಿಂದ ಆಗಲಿ. ಇಷ್ಟಿದ್ದರೆ ಯಾರು ಯಾವುದರಲ್ಲಿ ಬರೆದರೂ ಉಳಿದವರಿಗೆ ಗೊತ್ತೇ ಆಗುವುದಿಲ್ಲ. ಐಡಿಇ ಬಿಟ್ಟರೆ ಪ್ರಾಜೆಕ್ಟೇ ತೆರೆಯುವುದಿಲ್ಲ ಎನ್ನುವ ಸ್ಥಿತಿ ಮಾತ್ರ ಬೇಡ. ಆಟಮ್ ಎಡಿಟರ್ ಒಂದು ಕಾಲದಲ್ಲಿ ಎಷ್ಟು ಜನರ ಮೆಚ್ಚಿನದಾಗಿತ್ತು! 2022ರ ಡಿಸೆಂಬರ್‌ನಲ್ಲಿ ಗಿಟ್‌ಹಬ್ ಅದನ್ನು ನಿಲ್ಲಿಸಿತು.

ಎರಡು ವಾರ ಹೀಗೆ ಹೊಸದರಲ್ಲಿ ಕೆಲಸ ಮಾಡಿ. ಆಮೇಲೆ ಒಂದು ದಿನ, ಪೂರ್ತಿ ಒಂದು ದಿನ, ಹಳೇ ಐಡಿಇಗೆ ವಾಪಸ್ ಹೋಗಿ. ಪಕ್ಕದಲ್ಲಿ ಒಂದು ಕಾಗದ ಇಟ್ಟುಕೊಳ್ಳಿ. ಅದು ಇದರಲ್ಲಿ ಇಲ್ಲವಲ್ಲ ಎಂದು ಕೈ ತಡವರಿಸಿದಾಗೆಲ್ಲ ಒಂದು ಸಾಲು ಬರೆಯಿರಿ. ಸಂಜೆ ಹೊತ್ತಿಗೆ ಕಾಗದ ಖಾಲಿ ಇದ್ದರೆ ಟೀಮ್‌ನವರಿಗೆ ಧೈರ್ಯವಾಗಿ ಹೇಳಿ, ನಾನು ಇಲ್ಲೇ ಇರುತ್ತೇನೆ ಎಂದು.