ಮಂಜುಗಡ್ಡೆಯೇ ಕುಡಿಯುವ ನೀರು: ಯಾಕೂಟಿಯಾ ಹಳ್ಳಿಗಳ ಚಳಿಗಾಲ

ಸೈಬೀರಿಯಾದ ಈಶಾನ್ಯ ಭಾಗದಲ್ಲಿರುವ ಯಾಕೂಟಿಯಾದ ರಾಜಧಾನಿ ಯಾಕೂಟ್ಸ್ಕ್‌ನಲ್ಲಿ ಜನವರಿ ತಿಂಗಳ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಸುಮಾರು 38 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿರುತ್ತದೆ. ಅಂಥ ಚಳಿಯಲ್ಲಿ ಜನ ಮೈಯನ್ನು ಹೇಗೆ ಬೆಚ್ಚಗಿಟ್ಟುಕೊಳ್ಳುತ್ತಾರೆ ಎಂದು ನಾವು ಸಹಜವಾಗಿಯೇ ಕೇಳುತ್ತೇವೆ. ಅಲ್ಲಿನ ಸಖಾ ಜನರ ಹಳ್ಳಿಗಳಲ್ಲಿ ಅಷ್ಟೇ ಕಠಿಣವಾದ ಇನ್ನೊಂದು ಪ್ರಶ್ನೆ ಕುಡಿಯುವ ನೀರಿನದು.

ಬಾವಿ ತೋಡಬಾರದೇ ಎಂಬ ಪ್ರಶ್ನೆಗೆ ಉತ್ತರ ಹತ್ತೊಂಬತ್ತನೆಯ ಶತಮಾನದಲ್ಲೇ ದೊರೆತಿತ್ತು. ಫ್ಯೋದರ್ ಶೆರ್ಗಿನ್ ಎಂಬ ವರ್ತಕ ಯಾಕೂಟ್ಸ್ಕ್‌ನಲ್ಲಿ 1828ರಲ್ಲಿ ಬಾವಿ ತೋಡಿಸಲು ಆರಂಭಿಸಿದ; 1837ರ ವೇಳೆಗೆ ಆಳ 116 ಮೀಟರ್ ಮುಟ್ಟಿದರೂ ನೀರು ಸಿಗಲಿಲ್ಲ, ತಳದವರೆಗೂ ನೆಲ ಹೆಪ್ಪುಗಟ್ಟಿಯೇ ಇತ್ತು. ಮುಂದೆ ವಿಜ್ಞಾನಿ ಮಿಡೆನ್‌ಡಾರ್ಫ್ ಅದೇ ಬಾವಿಯೊಳಗೆ ಬೇರೆ ಬೇರೆ ಆಳಗಳಲ್ಲಿ ಉಷ್ಣಾಂಶವನ್ನು ಅಳೆದು, ಸದಾ ಹೆಪ್ಪುಗಟ್ಟಿರುವ ನೆಲದ ಅಧ್ಯಯನಕ್ಕೆ ಬುನಾದಿ ಹಾಕಿದ. ಬೇಸಿಗೆಯಲ್ಲಿ ಮೇಲಿನ ಒಂದೆರಡು ಮೀಟರ್ ಮಣ್ಣು ಮಾತ್ರ ಕರಗುವ ಇಂಥ ನೆಲದಲ್ಲಿ, ಕಾಯಿಸುವ ವ್ಯವಸ್ಥೆಯಿಲ್ಲದೆ ಕೊಳಾಯಿ ಹೂತರೆ ಅದರೊಳಗಿನ ನೀರೂ ಗಟ್ಟಿಯಾಗುತ್ತದೆ.

ಆದ್ದರಿಂದ ಅನೇಕ ಹಳ್ಳಿಗರು ಶರತ್ಕಾಲ ಮುಗಿದು ಕೆರೆ, ನದಿಗಳು ಹೆಪ್ಪುಗಟ್ಟಿದ ಮೇಲೆ, ಹೆಚ್ಚಾಗಿ ನವೆಂಬರ್‌ನಲ್ಲಿ, ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದು ತರುತ್ತಾರೆ. ಅದು ಜನರ ಭಾರವನ್ನು ಹೊರುವಷ್ಟು ದಪ್ಪವಾಗಿರಬೇಕು, ಆದರೆ ಕೊಯ್ದು ಎತ್ತಲಾಗದಷ್ಟು ದಪ್ಪವಾಗಿರಬಾರದು. ಅಂಗಳದಲ್ಲಿ ಪೇರಿಸಿಟ್ಟ ಆ ಗಡ್ಡೆಗಳೇ ಮನೆಯ ನೀರಿನ ದಾಸ್ತಾನು. ಸುತ್ತಲೂ ಹಿಮ ಬಿದ್ದಿರುವಾಗ ಇಷ್ಟು ಶ್ರಮವೇಕೆ ಎನಿಸಬಹುದು. ಹಿಮದಲ್ಲಿ ಗಾಳಿಯೇ ಹೆಚ್ಚಾಗಿರುವುದರಿಂದ ಪಾತ್ರೆ ತುಂಬ ಹಿಮ ಕರಗಿಸಿದರೂ ಸಿಗುವ ನೀರು ಸ್ವಲ್ಪವೇ, ಮೇಲಾಗಿ ಒಲೆಗಳ ಮಸಿಯೂ ಅದರ ಮೇಲೆ ಕೂರುತ್ತದೆ. ಕೆರೆಯ ಮಂಜುಗಡ್ಡೆಗೆ ಇನ್ನೊಂದು ಗುಣವಿದೆ: ನೀರು ನಿಧಾನವಾಗಿ ಹರಳುಗಟ್ಟುವಾಗ ಅದರ ಅಣುಗಳು ಒಂದು ನಿಶ್ಚಿತ ವಿನ್ಯಾಸದಲ್ಲಿ ಜೋಡಣೆಯಾಗುತ್ತವೆ, ಕರಗಿದ್ದ ಲವಣಗಳಿಗೆ ಆ ಜೋಡಣೆಯಲ್ಲಿ ಎಡೆಯಿಲ್ಲದ ಕಾರಣ ಅವುಗಳಲ್ಲಿ ಬಹುಪಾಲು ಕೆಳಗಿನ ನೀರಿನಲ್ಲೇ ಉಳಿಯುತ್ತವೆ. ಹೀಗಾಗಿ ಕೆರೆಯ ನೀರು ಸಪ್ಪೆಯಾಗಿರದಿದ್ದರೂ ಅದರ ಮಂಜುಗಡ್ಡೆ ಕರಗಿದರೆ ಬರುವ ನೀರಿನಲ್ಲಿ ಲವಣಾಂಶ ಬಹಳ ಕಡಿಮೆ.

ಈ ನೀರಿನ ನಿಜವಾದ ಬೆಲೆ ಸೌದೆಯಲ್ಲಿದೆ. ಸೊನ್ನೆ ಡಿಗ್ರಿಯ ಒಂದು ಗ್ರಾಂ ಮಂಜುಗಡ್ಡೆಯನ್ನು ಬರಿದೇ ನೀರಾಗಿಸಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಂಗಳದ ಗಡ್ಡೆಯಾದರೋ ಮೈನಸ್ 40 ಡಿಗ್ರಿಯಲ್ಲಿರುತ್ತದೆ. ಅದನ್ನು ಸೊನ್ನೆಗೆ ತರಲು ಗ್ರಾಂಗೆ ಮತ್ತೆ ಸುಮಾರು 20 ಕ್ಯಾಲೊರಿ. ಒಟ್ಟು 100 ಕ್ಯಾಲೊರಿ, ಎಂದರೆ ಅಷ್ಟೇ ತೂಕದ ತಣ್ಣೀರನ್ನು ಸೊನ್ನೆಯಿಂದ ಕುದಿಯುವ ಹಂತಕ್ಕೆ ಒಯ್ಯಲು ಬೇಕಾಗುವಷ್ಟು ಶಾಖ. ಹಾಗೆ ಸಿಗುವ ನೀರೂ ಇನ್ನೂ ಸೊನ್ನೆ ಡಿಗ್ರಿಯಲ್ಲೇ ಇರುವುದರಿಂದ, ಅದರಲ್ಲಿ ಚಹಾ ಮಾಡಬೇಕಾದರೆ ಮತ್ತೊಮ್ಮೆ ಅಷ್ಟೇ ಶಾಖವನ್ನು ಒದಗಿಸಬೇಕು. ಮನೆಯೊಳಗಿನ ಪೀಪಾಯಿಯಲ್ಲಿ ಗಡ್ಡೆಯನ್ನಿಟ್ಟು, ಮನೆ ಬೆಚ್ಚಗಿಡಲು ಹೇಗೂ ಉರಿಯುತ್ತಿರುವ ಒಲೆಯ ಕಾವಿನಲ್ಲಿ ಅದು ತಾನಾಗಿ ಕರಗುವಂತೆ ಬಿಡುವ ಪದ್ಧತಿಯ ಹಿಂದಿನ ವಿವೇಕ ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ದನಕರುಗಳಿಗೂ ನೀರು ಬೇಕಲ್ಲ. ಹೆಪ್ಪುಗಟ್ಟಿದ ಕೆರೆಯಲ್ಲಿ ಕಿಂಡಿ ಕೊರೆದು ಅವುಗಳಿಗೆ ಕುಡಿಸುತ್ತಾರೆ. ನೀರಿನ ಸಾಂದ್ರತೆ ನಾಲ್ಕು ಡಿಗ್ರಿಯಲ್ಲಿ ಗರಿಷ್ಠವಾಗಿರುವುದರಿಂದ ಆ ಉಷ್ಣಾಂಶದ ನೀರು ತಳದಲ್ಲಿ ನೆಲೆಸುತ್ತದೆ, ಅದಕ್ಕಿಂತ ತಣ್ಣಗಿನ ಹಗುರ ನೀರು ಮೇಲೆ ಉಳಿದು ಹೆಪ್ಪುಗಟ್ಟುತ್ತದೆ. ದನಗಳನ್ನು ಕಟ್ಟುವ ಕೊಟ್ಟಿಗೆಯ ಮರದ ಗೋಡೆಗಳಿಗೆ ಸಗಣಿ ಬಳಿದು, ಗಾಳಿ ನುಸುಳುವ ಸಂದುಗಳನ್ನು ಮುಚ್ಚುತ್ತಾರೆ.

ಬಾವಿಗೆ ಅಡ್ಡಿಯಾದ ಹೆಪ್ಪುಗಟ್ಟಿದ ನೆಲವೇ ಬೇಸಿಗೆಯಲ್ಲಿ ಉಪಕಾರಕ್ಕೆ ಬರುತ್ತದೆ. ಅದರೊಳಗೆ ತೋಡಿದ, ಬುಲೂಸ್ ಎಂದು ಕರೆಯುವ ನೆಲಮಾಳಿಗೆಯಲ್ಲಿ ಮಾಂಸ, ಮೀನುಗಳೊಂದಿಗೆ ಮುಂದಿನ ತಿಂಗಳುಗಳ ಕುಡಿಯುವ ಮಂಜುಗಡ್ಡೆಯನ್ನೂ ಇಡುತ್ತಾರೆ. ಹವಾಮಾನ ಬಿಸಿಯಾಗುತ್ತಿರುವ ಈಚಿನ ದಶಕಗಳಲ್ಲಿ ಕೆಲವು ಬುಲೂಸ್‌ಗಳಿಗೆ ನೀರು ನುಗ್ಗಿ ಅವು ನಿರುಪಯುಕ್ತವಾಗಿವೆ. ಮಾಂಸಕ್ಕೆ ವಿದ್ಯುತ್ ಫ್ರೀಜರ್ ಪರ್ಯಾಯವಾಗಬಹುದು, ಆದರೆ ಇಡೀ ಕುಟುಂಬಕ್ಕೆ ಬೇಸಿಗೆಯುದ್ದಕ್ಕೂ ಬೇಕಾಗುವ ಮಂಜುಗಡ್ಡೆ ಅದರಲ್ಲಿ ಹಿಡಿಸುವುದಿಲ್ಲ.